ಪೆರುವಿಗಾಗಿ ನಾನು ಮಾಡಿದ ಜಗಳಗಳು

ಪೆರು ದೇಶಕ್ಕೆ ಒಮ್ಮೆಯೂ ಹೋಗದೆ, ಆ ದೇಶದ ಪರವಾಗಿ ನನ್ನಷ್ಟು ಜಗಳ ಮಾಡಿದವರು ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ನಾನಾಗಿ ಹುಡುಕಿಕೊಂಡು ಹೋದದ್ದಲ್ಲ. ಏಳನೆಯ ತರಗತಿಯ ಸಮಾಜ ಪಾಠ ದಕ್ಷಿಣ ಅಮೆರಿಕಕ್ಕೆ ಬಂದು ಮುಟ್ಟಿದ ಕೂಡಲೇ ಜಗಳವೇ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ. ಒಂದು ವರ್ಷವೂ ತಪ್ಪಿದ್ದಿಲ್ಲ.

ನಾನು ಕಟಪಾಡಿಯಿಂದ ಸ್ವಲ್ಪ ಒಳಗಿರುವ ಒಂದು ಶಾಲೆಯ ಸಮಾಜ ಟೀಚರ್. ವಾಸ ಪರ್ಕಳದಲ್ಲಿ, ಬಾಡಿಗೆ ಮನೆ. ಬಿ.ಪಿ. ಉಂಟು. ಡಾಕ್ಟರು ಪ್ರತಿ ಸಲ "ಸಿಟ್ಟು ಕಡಿಮೆ ಮಾಡಿ ಟೀಚರ್" ಅನ್ನುತ್ತಾರೆ. "ಜನರಿಗೆ ಸ್ವಲ್ಪ ತಲೆ ಜಾಸ್ತಿ ಮಾಡಲಿಕ್ಕೆ ಮಾತ್ರೆ ಉಂಟಾ? ಅದನ್ನು ಅವರಿಗೆ ಕೊಡಿ, ನನ್ನದು ತಾನಾಗಿ ಇಳಿಯುತ್ತದೆ" ಎಂದು ಒಮ್ಮೆ ಹೇಳಿದ್ದೆ. ಅವತ್ತು ಡಾಕ್ಟರು ನನ್ನ ಮಾತ್ರೆಯನ್ನೇ ಜಾಸ್ತಿ ಮಾಡಿದರು.

ಯಾಕೆ ಪೆರುವೇ ಎಂದು ಕೇಳಬಹುದು. ನಕ್ಷೆ ನೋಡಿ. ಒಂದು ಬದಿ ಸಮುದ್ರ. ಅದಕ್ಕೆ ತಾಗಿ ಮಳೆಯ ಮುಖವನ್ನೇ ಕಾಣದ ಮರಳುಗಾಡು. ಅದರ ಬೆನ್ನಿಗೆ ಹಿಮ ಹೊತ್ತ ಆಂಡೀಸ್ ಪರ್ವತ. ಆಚೆಗೆ ಇಳಿದರೆ ಬಿಸಿಲು ನೆಲಕ್ಕೆ ಬೀಳದ ಅಮೆಜಾನ್ ಕಾಡು. ಮಣ್ಣಿನಡಿಯಲ್ಲಿ ತಾಮ್ರ, ಬೆಳ್ಳಿ, ಸತು, ಚಿನ್ನ. ನೀರಿನಲ್ಲಿ ಮೀನು. ಇಷ್ಟೆಲ್ಲ ಇಟ್ಟುಕೊಂಡ ದೇಶಕ್ಕೆ ಪಾಠದಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಸಾಲು. ನನ್ನ ಸಿಟ್ಟು ಶುರುವಾಗುವುದೇ ಅಲ್ಲಿಂದ.

ಹಾಲಿನಲ್ಲಿ ತಾಮ್ರ

"ಪೆರು ಎಲ್ಲಿ ಉಂಟು?" ಎಂದು ತರಗತಿಯಲ್ಲಿ ಕೇಳಿದೆ. ಎದುರು ಬೆಂಚಿನ ಹುಡುಗಿ ಎದ್ದು ನಿಂತು, "ಡೈರಿಯಲ್ಲಿ ಟೀಚರ್" ಎಂದಳು. ತರಗತಿ ಇಡೀ ನಗು.

ತುಳುವಿನಲ್ಲಿ ಹಾಲಿಗೆ 'ಪೇರ್' ಎನ್ನುತ್ತಾರೆ. ಅಷ್ಟು ತುಳು ನನಗೂ ಬರುತ್ತದೆ. ಆದರೆ ಆಂಡೀಸಿನ ಬುಡದಲ್ಲಿ ನಿಂತುಕೊಂಡಿರುವಾಗ ನನಗೆ ತಮಾಷೆ ಆಗುವುದಿಲ್ಲ. ಚೆನ್ನಾಗಿ ಬೈದು, ಪೆರುವಿನ ಖನಿಜಗಳನ್ನು ಹತ್ತು ಸಲ ಗಟ್ಟಿಯಾಗಿ ಓದಿಕೊಂಡು ಬರಬೇಕೆಂದು ಮನೆಗೆಲಸ ಕೊಟ್ಟು ಕಳಿಸಿದೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಆ ಹುಡುಗಿಯ ಅಜ್ಜಿ ಗೇಟಿನ ಒಳಗೆ ಬಂದರು. ಮನೆಯಲ್ಲಿ ದನ ಸಾಕಿ, ಸುತ್ತಿನ ಮನೆಗಳಿಗೆಲ್ಲ ಹಾಲು ಕೊಡುವವರು. ಮುಖ ಕೆಂಪು.

"ಟೀಚರ್, ನನ್ನ ಹಾಲಿನಲ್ಲಿ ತಾಮ್ರ ಉಂಟು ಅಂತ ನೀವು ಹೇಳಿದ್ದಾ?"

"ನಾನಾ? ನಾನು ಯಾಕೆ ಹೇಳಲಿ?"

"ಹುಡುಗಿ ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಊರಿಗೆಲ್ಲ ಕೇಳುವ ಹಾಗೆ ಓದಿದ್ದಾಳೆ. ಪೇರಿನಲ್ಲಿ ತಾಮ್ರ ಉಂಟು, ಸತು ಉಂಟು, ಸೀಸ ಉಂಟು ಅಂತ! ಹಾಲು ತೆಗೆದುಕೊಂಡು ಹೋಗಲಿಕ್ಕೆ ಬಂದ ಆಚೆ ಮನೆಯವಳು ಖಾಲಿ ಚೆಂಬು ಹಿಡಿದುಕೊಂಡು ವಾಪಸು ಹೋದಳು. ನಾನು ಇಷ್ಟು ವರ್ಷ ಒಂದು ತೊಟ್ಟು ನೀರು ಸೇರಿಸದೆ ಹಾಲು ಕೊಟ್ಟವಳು, ಗೊತ್ತುಂಟಾ?"

ನನಗೂ ಸಿಟ್ಟು ಏರಿತು. ನಕ್ಷೆ ತರಿಸಿ, ಕಂಬಕ್ಕೆ ತೂಗುಹಾಕಿ, ಬೆತ್ತದ ತುದಿಯಿಂದ ತೋರಿಸಿದೆ. "ಇದು ದೇಶ. ಇದು ಪೆರು. ನಿಮ್ಮ ದನಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿಯ ನೆಲದಲ್ಲಿ ತಾಮ್ರ, ಸತು, ಸೀಸ, ಬೆಳ್ಳಿ ಎಲ್ಲ ಸಿಗುತ್ತದೆ."

ಅಜ್ಜಿಯ ಮುಖ ಒಮ್ಮೆಲೇ ಸಡಿಲವಾಯಿತು.

"ಬೆಳ್ಳಿಯೂ ಉಂಟಾ?"

"ಉಂಟು."

ಅಜ್ಜಿ ಸೊಂಟಕ್ಕೆ ಕೈ ಇಟ್ಟುಕೊಂಡು ಮೊಮ್ಮಗಳ ಕಡೆ ತಿರುಗಿದರು. "ನೋಡು, ಮುಂಡೇದೇ! ಓದುವುದಾದರೆ ಬೆಳ್ಳಿಯನ್ನು ಮೊದಲು ಓದಬೇಕು!"

ಚಿಲಿ ಎಂದು ಬರೆದಿತ್ತು

ನಮ್ಮ ಶಾಲೆಯಲ್ಲಿ ಸಮಾಜದ ಪೀರಿಯಡ್ ಎಂದರೆ ಊರಿನ ಬಾವಿ ಇದ್ದ ಹಾಗೆ. ಯಾರು ಬೇಕಾದರೂ ಬಂದು ಕೊಡಪಾನ ಇಳಿಸಬಹುದು. ಗಣಿತದವರು ಕೇಳಿದರು, ಕೊಟ್ಟರು. ವಿಜ್ಞಾನದವರು ಕೇಳಿದರು, ಕೊಟ್ಟರು. ಕೊಟ್ಟದ್ದು ನಾನಲ್ಲ, ಹೆಡ್‌ಮಾಸ್ಟ್ರು.

"ಸರ್, ನನ್ನ ಆಂಡೀಸ್ ಇನ್ನೂ ಅರ್ಧ ಉಂಟು" ಎಂದು ಹೋಗಿ ಹೇಳಿದೆ.

"ಪರ್ವತ ಅಲ್ವಾ ಟೀಚರ್?" ಎಂದರು ಶಾಂತವಾಗಿ. "ಎಲ್ಲಿಗೆ ಹೋಗ್ತದೆ? ನಾಳೆಯೂ ಅಲ್ಲಿಯೇ ಇರ್ತದೆ."

ಆ ಸಿಟ್ಟಿನಲ್ಲೇ, ಸಿಕ್ಕಿದ ಅರ್ಧ ಪೀರಿಯಡ್ಡಿನಲ್ಲಿ ಮುಗಿಸಿಬಿಡೋಣ ಎಂದು ದಕ್ಷಿಣ ಅಮೆರಿಕದ ನಕ್ಷೆ ತರಲು ಹೋದರೆ, ನಕ್ಷೆ ಇಲ್ಲ. ಕಪಾಟಿನಲ್ಲಿ ಇಲ್ಲ, ಸ್ಟಾಫ್ ರೂಮಿನಲ್ಲಿ ಇಲ್ಲ. ಒಂದು ಖಂಡವೇ ಕಾಣೆ! ಹುಡುಕುತ್ತಾ ಹಿಂದುಗಡೆ ಬಿಸಿಯೂಟದ ಅಡುಗೆ ಕೋಣೆಯ ಅಂಗಳಕ್ಕೆ ಹೋದೆ.

ದಕ್ಷಿಣ ಅಮೆರಿಕ ಅಲ್ಲಿ ಬಿಸಿಲಿಗೆ ಅಂಗಾತ ಮಲಗಿತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಮೇಲೆ ಒಣ ಮೆಣಸು. ಪೆರುವಿನ ರಾಜಧಾನಿ ಇರುವ ಜಾಗದಲ್ಲಿ ಒಂದು ಕಾಗೆ ಕೂತಿತ್ತು.

"ಇದೆಂತ ಮಾಡಿದ್ದು ನೀವು?" ನನ್ನ ಕೂಗಿಗೆ ಕಾಗೆ ಹಾರಿತು. ಅಡುಗೆಯಾಕೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಎಂತ ಆಯ್ತು ಟೀಚರ್?"

"ಎಂತ ಆಯ್ತಾ? ಪಾಠದ ನಕ್ಷೆಯಲ್ಲಿ ಮೆಣಸು ಒಣಗಿಸುವುದಾ? ಅದೂ ಎಲ್ಲಿ ಹಾಕಿದ್ದೀರಿ ನೋಡಿ, ಅಮೆಜಾನ್ ಮೇಲೆ! ವರ್ಷವಿಡೀ ಮಳೆ ಸುರಿಯುವ ಜಾಗ ಅದು. ಒಣಗಿಸುವುದೇ ಆದರೆ ಕರಾವಳಿಯ ಮರಳುಗಾಡಿನ ಮೇಲಾದರೂ ಹಾಕಬಾರದಾ?"

ಸಿಟ್ಟಿನಲ್ಲಿ ನಾನು ಎಂತ ಹೇಳುತ್ತಿದ್ದೇನೆ ಎಂದು ನನಗೇ ಆಮೇಲೆ ತಿಳಿಯಿತು. ಆಕೆ ಮಾತ್ರ ಗಂಭೀರವಾಗಿ ಬಗ್ಗಿ, ಪೆರುವಿನ ಕೆಳಗೆ ಉದ್ದಕ್ಕೆ ಇಳಿದಿರುವ ಪಕ್ಕದ ದೇಶದ ಹೆಸರಿನ ಮೇಲೆ ಬೆರಳಿಟ್ಟರು.

"ನನ್ನನ್ನು ಬೈಯಬೇಡಿ ಟೀಚರ್. ಇಲ್ಲಿ ನೋಡಿ, ಚಿಲಿ ಅಂತ ಬರೆದಿತ್ತು. ಮೆಣಸಿಗೇ ಕೊಟ್ಟದ್ದು ಅಂತ ಎಣಿಸಿದೆ."

ಪುಳಿಮುಂಚಿ

ಪೋಷಕರ ಸಭೆಗೆ ಕಾಪುವಿನಿಂದ ಒಬ್ಬ ತಂದೆ ಬಂದಿದ್ದರು. ಮೀನುಗಾರಿಕೆಯವರು, ದೊಡ್ಡ ದೋಣಿಯಲ್ಲಿ ಹೋಗುವವರು. ಜೊತೆಗೆ ಹೆಂಡತಿ. ಮಗಳ ಅಂಕ ಕೇಳುತ್ತಾರೆ ಎಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು, "ಟೀಚರ್, ಪೆರು ಅಂತ ಒಂದು ದೇಶದಲ್ಲಿ ಭಾರೀ ಮೀನು ಉಂಟಂತೆ ಹೌದಾ?" ಎಂದರು.

ನನಗೆ ಎಷ್ಟು ಸಂತೋಷವಾಯಿತು ಎಂದರೆ ಹೇಳತೀರದು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಪೆರುವಿನ ಬಗ್ಗೆ ತಾವಾಗಿ ಕೇಳಿದ ಮೊದಲ ಮನುಷ್ಯ! ಉತ್ಸಾಹದಿಂದ ಹೇಳಿದೆ. ಅಲ್ಲಿ ದಡದ ಉದ್ದಕ್ಕೂ ತಣ್ಣನೆಯ ಪ್ರವಾಹ ಹರಿಯುತ್ತದೆ, ಅಡಿಯಿಂದ ಆಹಾರ ಮೇಲೆ ಬರುತ್ತದೆ, ನಮ್ಮ ಬೊಳಂಜಿರ್ ಹಾಗಿನ ಸಣ್ಣ ಮೀನು ರಾಶಿ ರಾಶಿ ಸಿಗುತ್ತದೆ. ಕೆಲವು ವರ್ಷ ಮಾತ್ರ ನೀರು ಬಿಸಿಯಾಗಿ ಮೀನು ಮಾಯವಾಗುತ್ತದೆ.

"ಅಲ್ಲಿಯೂ ಹಾಗೇಯಾ?" ಎಂದು ಅವರು ನಿಟ್ಟುಸಿರು ಬಿಟ್ಟರು. ಆ ವರ್ಷ ನಮ್ಮ ಕಡಲಿನಲ್ಲಿಯೂ ಬಲೆ ಹಗುರವಾಗಿಯೇ ಬರುತ್ತಿತ್ತು. "ಸಿಕ್ಕಿದ ಮೀನನ್ನು ಎಂತ ಮಾಡ್ತಾರೆ?" ಎಂದು ಕೇಳಿದರು.

"ಹೆಚ್ಚಿನದನ್ನು ಪುಡಿ ಮಾಡುತ್ತಾರೆ. ಕೋಳಿಗೆ, ಹಂದಿಗೆ, ಸಾಕು ಮೀನಿಗೆ ಆಹಾರ."

ಮನುಷ್ಯ ಎದ್ದು ನಿಂತರು. ಅವರ ಸಿಟ್ಟಿನ ಮುಂದೆ ನನ್ನದು ಎಂತದೂ ಅಲ್ಲ.

"ಕೋಳಿಗಾ? ಬೊಳಂಜಿರ್ ಹಾಗಿನ ಮೀನನ್ನು ಕೋಳಿಗಾ? ಇಲ್ಲಿಯೂ ಅದೇ ಕಥೆ ಟೀಚರ್! ಒಳ್ಳೆಯ ಬೂತಾಯಿ ಮೀನನ್ನು ಪುಡಿ ಮಾಡಲಿಕ್ಕೆ ಲಾರಿಯಲ್ಲಿ ತುಂಬಿಸಿಕೊಂಡು ಹೋಗ್ತಾರೆ. ಮರಿ ಮೀನನ್ನೂ ಬಿಡುವುದಿಲ್ಲ. ನಾಳೆ ಎಂತ ಹಿಡಿಯುವುದು, ಕಲ್ಲಾ? ಆ ದೇಶದಲ್ಲಿ ಹೇಳುವವರು ಕೇಳುವವರು ಇಲ್ವಾ? ಹೆಂಗಸರಿಗೆ ಗಸಿ ಮಾಡಲಿಕ್ಕೆ ಬರುವುದಿಲ್ವಾ?"

ಪಕ್ಕದ ಕೋಣೆಯಿಂದ ಬೇರೆ ಪೋಷಕರೂ ಇಣುಕಿ ನೋಡಿದರು. ನಾನು ಮೇಜು ಕುಟ್ಟಿ "ಸರಿಯಾಗಿ ಹೇಳಿದ್ರಿ!" ಎಂದೆ. ಅವರು ಇನ್ನೂ ಏರಿದರು.

"ಒಂದು ಸಲ, ಒಂದೇ ಸಲ, ಇವಳು ಮಾಡಿದ ಪುಳಿಮುಂಚಿಯನ್ನು ಆ ಪೆರುವಿನವರಿಗೆ ತಿನ್ನಿಸಬೇಕು ಟೀಚರ್. ಆ ಖಾರ, ಆ ಹುಳಿ! ತಿಂದ ಮೇಲೆ ಒಂದೇ ಒಂದು ಮೀನು ಕೋಳಿಗೆ ಹೋದರೆ ಕೇಳಿ!"

ಇಷ್ಟು ಹೊತ್ತು ಸೆರಗು ತಿರುಚುತ್ತಾ ಕೂತಿದ್ದ ಹೆಂಡತಿ ಆಗ ತಲೆಯೆತ್ತಿದರು.

"ಈ ಪೆರು ಪಾಠವನ್ನು ಇನ್ನೂ ಸ್ವಲ್ಪ ದಿನ ಮಾಡಿ ಟೀಚರ್. ಮದುವೆಯಾದ ಮೇಲೆ ಇವರು ನನ್ನ ಅಡುಗೆಯನ್ನು ಹೊಗಳಿದ್ದು ಇವತ್ತೇ ಮೊದಲು."

ದೋಸೆ ಯಾಕೆ ಹೊಳೆಯಲಿಲ್ಲ

ಪರ್ಕಳದ ನನ್ನ ಬಾಡಿಗೆ ಮನೆಯ ಯಜಮಾನರು ನಿವೃತ್ತರು, ಊರಾಭಿಮಾನಿಗಳು. ಪ್ರಪಂಚದಲ್ಲಿ ಒಳ್ಳೆಯದು ಎಂಬುದು ಎಂತದಿದ್ದರೂ ಅದು ಉಡುಪಿಯಿಂದಲೇ ಹೊರಟದ್ದು ಎಂದು ಅವರ ನಂಬಿಕೆ. ಒಂದು ಭಾನುವಾರ ಗಂಡ ಹೆಂಡತಿ ಇಬ್ಬರೂ ಒತ್ತಾಯ ಮಾಡಿ ನನ್ನನ್ನು ಮಣಿಪಾಲದ ಹೋಟೆಲಿಗೆ ಕರೆದುಕೊಂಡು ಹೋದರು.

ಮಸಾಲೆ ದೋಸೆ ಬಂತು. ಯಜಮಾನರು ಒಂದು ತುಂಡು ಮುರಿದು, ಆಲೂಗಡ್ಡೆ ಪಲ್ಯ ಸುತ್ತಿಕೊಂಡು, "ಇದು ನೋಡಿ ಟೀಚರ್, ನೂರಕ್ಕೆ ನೂರು ನಮ್ಮದು. ಇದರಲ್ಲಿ ಹೊರಗಿನದ್ದು ಒಂದು ಕಾಳೂ ಇಲ್ಲ" ಎಂದರು.

ಸುಮ್ಮನೆ ತಿಂದು ಬರಬಹುದಿತ್ತು. ಆದರೆ ತಪ್ಪು ಭೂಗೋಳ ಕೇಳಿದರೆ ನನಗೆ ತುತ್ತು ಇಳಿಯುವುದಿಲ್ಲ.

"ಆಲೂಗಡ್ಡೆ ಪೆರುವಿನದ್ದು" ಎಂದೆ. "ಆಂಡೀಸ್ ಬೆಟ್ಟದವರು ಬೆಳೆಸಿ ಬೆಳೆಸಿ ತಿನ್ನುವ ಹಾಗೆ ಮಾಡಿದ್ದು. ಮೆಣಸಿನಕಾಯಿಯೂ ಆ ಕಡೆಯದ್ದೇ. ಟೊಮೆಟೊದ ಮೂಲವೂ ಅಲ್ಲಿಯೇ."

ಯಜಮಾನರ ಕೈ ಬಾಯಿಯ ಹತ್ತಿರ ನಿಂತಿತು. "ಯಾರು ಹೇಳಿದ್ದು?"

"ಪ್ರಪಂಚವೇ ಹೇಳುತ್ತದೆ."

"ಪ್ರಪಂಚಕ್ಕೆ ಹೊಟ್ಟೆಕಿಚ್ಚು!" ಸ್ವರ ಏರಿತು. ಪಕ್ಕದ ಮೇಜಿನ ಕಾಲೇಜು ಮಕ್ಕಳು ಮೊಬೈಲಿನಿಂದ ತಲೆಯೆತ್ತಿದರು. ನನ್ನ ಸ್ವರವೂ ಏರಿತು. ಸಾವಿರಾರು ವರ್ಷ ಚಳಿಯಲ್ಲಿ ಕಷ್ಟಪಟ್ಟು ಬೆಳೆದವರ ಹೆಸರನ್ನು ಅವರದ್ದೇ ಪಲ್ಯ ತಿನ್ನುತ್ತಾ ಅಳಿಸಿ ಹಾಕಿದರೆ ಸಿಟ್ಟು ಬರುವುದಿಲ್ಲವೇ? ಅದನ್ನೇ ಹೇಳಿದೆ. ಮಾಣಿ ಚಟ್ನಿ ಪಾತ್ರೆ ಹಿಡಿದುಕೊಂಡು ಯಾರ ಪಕ್ಷದಲ್ಲಿ ನಿಲ್ಲಬೇಕೆಂದು ತಿಳಿಯದೆ ನಡುವೆ ನಿಂತ. ಯಜಮಾನರ ಹೆಂಡತಿ ಮಾತ್ರ ಇದು ತನಗೆ ಸಂಬಂಧವಿಲ್ಲದ ವಿಷಯ ಎಂಬಂತೆ ಎರಡನೆಯ ದೋಸೆ ತರಿಸಿಕೊಂಡರು.

ಕೊನೆಗೆ ಯಜಮಾನರು ಕೈ ಒರೆಸಿಕೊಂಡು, ವಕೀಲರ ಹಾಗೆ ಮುಂದೆ ಬಾಗಿದರು.

"ಸರಿ. ಆಲೂಗಡ್ಡೆ ಅವರದ್ದೇ ಅಂತ ಇಟ್ಟುಕೊಳ್ಳುವ. ಮೆಣಸೂ ಅವರದ್ದೇ. ಹಾಗಾದರೆ ಅಷ್ಟು ಸಾವಿರ ವರ್ಷ ಎಲ್ಲವನ್ನೂ ಮನೆಯಲ್ಲಿ ಇಟ್ಟುಕೊಂಡು ಅವರಿಗೆ ದೋಸೆ ಯಾಕೆ ಹೊಳೆಯಲಿಲ್ಲ?"

ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ನಾನು ಪೆರುವಿನ ಪರ ಸೋತ ಒಂದೇ ಒಂದು ಜಗಳ ಅದು.

ಅಮೆಜಾನಿಗೆ ಹಸಿವಾದದ್ದು

ಕಾರ್ಕಳದಲ್ಲಿ ಸಮಾಜ ಶಿಕ್ಷಕರಿಗೆ ತರಬೇತಿ. ಪುಸ್ತಕ ಬಿಟ್ಟು ಆಟದ ಮೂಲಕ ಪಾಠ ಮಾಡುವುದು ಹೇಗೆ ಎಂದು ಹೇಳಿಕೊಡಲು ಹೊರಗಿನಿಂದ ಒಬ್ಬರು ಬಂದಿದ್ದರು. ಕುತ್ತಿಗೆಗೆ ಮೈಕು, ಮುಖದಲ್ಲಿ ಬಿಡದ ನಗು. "ನಾವೆಲ್ಲ ಈಗ ಪೆರು ದೇಶ ಆಗೋಣ!" ಎಂದರು. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದರು.

ಉದ್ದ ಇರುವವರೆಲ್ಲ ಆಂಡೀಸ್. ನಾನು ಎಲ್ಲರಿಗಿಂತ ಉದ್ದ, ಆದ್ದರಿಂದ ನಡುವಿನ ಶಿಖರ. ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಅಮೆಜಾನ್ ನದಿ ಆದದ್ದು ಹೆಬ್ರಿ ಕಡೆಯ ಒಬ್ಬ ಪಿ.ಟಿ. ಮಾಸ್ಟ್ರು, ಅವರ ಶಾಲೆಯಲ್ಲಿ ಸಮಾಜವನ್ನೂ ಅವರೇ ಮಾಡುವುದು. ದೊಡ್ಡ ದೇಹ. ಹೆಗಲಿಗೆ ನೀಲಿ ಶಾಲು ಹೊದಿಸಿ, ನನ್ನ ಬೆನ್ನ ಹಿಂದೆ, ಪೂರ್ವದ ಬದಿಯಲ್ಲಿ ಕೂರಿಸಿದರು.

"ಈಗ ಅಮೆಜಾನ್ ಹುಟ್ಟಿತು!" ಎಂದು ತರಬೇತಿಯವರು ಮೈಕಿನಲ್ಲಿ ಕೂಗಿದರು. "ಜುಳು ಜುಳು ಹರಿಯಿತು! ಪಶ್ಚಿಮಕ್ಕೆ ಹೋಗಿ ಸಮುದ್ರ ಸೇರಿತು! ಬನ್ನಿ ಸರ್, ಬನ್ನಿ!"

"ಪಶ್ಚಿಮಕ್ಕೆ ಅಲ್ಲ" ಎಂದೆ, ಕೈ ಮೇಲೆತ್ತಿಕೊಂಡೇ. "ಅಮೆಜಾನ್ ಪೂರ್ವಕ್ಕೆ ಹರಿಯುವುದು. ಅಟ್ಲಾಂಟಿಕ್ ಸೇರುವುದು."

"ಹಾಗಾ?" ನಗು ಮಾಸಲಿಲ್ಲ. "ಆದರೆ ಮೇಡಂ, ಸೀತಾ, ಸ್ವರ್ಣಾ, ನಿಮ್ಮ ನದಿಗಳೆಲ್ಲ ಪಶ್ಚಿಮಕ್ಕೇ ಹರಿಯುವುದಲ್ವಾ? ಮಕ್ಕಳಿಗೆ ಸ್ಥಳೀಯವಾಗಿ ಹೇಳಬೇಕು."

ನನ್ನ ತಲೆಯೊಳಗೆ ಜ್ವಾಲಾಮುಖಿ ಎದ್ದಿತು. ಆಂಡೀಸಿನಲ್ಲಿ ಅದಕ್ಕೇನೂ ಕೊರತೆ ಇಲ್ಲ.

"ಸ್ಥಳೀಯವಾಗಿ ಹೇಳಲಿಕ್ಕೆ ನದಿಯನ್ನು ಬೆಟ್ಟ ಹತ್ತಿಸಲಿಕ್ಕೆ ಆಗ್ತದಾ? ನನ್ನನ್ನು ದಾಟಿ ಅಮೆಜಾನ್ ಪಶ್ಚಿಮಕ್ಕೆ ಹೋಗುವುದಿಲ್ಲ. ಬೇಕಾದರೆ ಪ್ರಯತ್ನ ಮಾಡಲಿ!"

ಪೂರ್ವಕ್ಕೆ ತಿರುಗಿ, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ಅಡ್ಡ ನಿಂತೆ. ಅಕ್ಕಪಕ್ಕದ ಶಿಖರಗಳೂ ನನ್ನ ಕೈ ಹಿಡಿದುಕೊಂಡವು. ನದಿ ಎದ್ದು ಬಂದು ನನ್ನ ಎದುರು ನಿಂತಿತು. ಎಡಕ್ಕೆ ಸರಿಯಿತು, ನಾನೂ ಸರಿದೆ. ಬಲಕ್ಕೆ ಸರಿಯಿತು, ನಾನೂ ಸರಿದೆ. ತರಬೇತಿಯವರು ಮೈಕಿನಲ್ಲೇ, "ಆಂಡೀಸ್ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದು ಬೇಡಿಕೊಂಡರು.

ಆಗ ಪಿ.ಟಿ. ಮಾಸ್ಟ್ರು ನನ್ನ ಕಿವಿಯ ಹತ್ತಿರ ಬಗ್ಗಿ, ಅಳುವ ಸ್ವರದಲ್ಲಿ ಹೇಳಿದರು: "ಬಿಡಿ ಟೀಚರ್, ನಿಮ್ಮ ದಮ್ಮಯ್ಯ. ನನಗೂ ಗೊತ್ತುಂಟು ಪೂರ್ವ ಅಂತ. ಆದರೆ ಊಟದ ಹಾಲ್ ಪಶ್ಚಿಮಕ್ಕೆ ಉಂಟು, ಪಾಯಸ ಮುಗಿಯುತ್ತಾ ಬಂತು!"

ಬಿಳಿ ಚಿನ್ನ

ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು ಮತ್ತು ನಗು ಒಟ್ಟಿಗೇ ಬರುತ್ತದೆ. ಸಿಟ್ಟಿನ ಕಥೆ ಮೊದಲು.

ಶಾಲೆಯ ಹಿಂದೆ ಒಂದು ಗುಡ್ಡ ಇತ್ತು. ಮನೆ ಕಟ್ಟಲು ಕಡಿಯುವ ಕೆಂಪು ಮುರಕಲ್ಲಿನ ಗುಡ್ಡ. ಮಕ್ಕಳು ನೆಲ್ಲಿಕಾಯಿಗೆ ಓಡುತ್ತಿದ್ದದ್ದು ಅಲ್ಲಿಗೆ, ಬೇಸಿಗೆಯಲ್ಲಿ ಶಾಲೆಯ ಬಾವಿಯಲ್ಲಿ ನೀರು ಉಳಿಯುತ್ತಿದ್ದದ್ದು ಅದರ ದಯೆಯಿಂದ. ಒಂದು ದಿನ ಜೆಸಿಬಿ ಬಂತು. ಮತ್ತೆ ಟಿಪ್ಪರುಗಳು ಬಂದವು. ಗುಡ್ಡವನ್ನು ಕೊರೆದು, ಕಲ್ಲು ಒಂದು ಕಡೆಗೆ, ಕೆಂಪು ಮಣ್ಣು ಇನ್ನೊಂದು ಕಡೆಗೆ ಸಾಗಿಸಿದರು. ಪಾಠ ಮಾಡಿದರೆ ಕೇಳುವುದಿಲ್ಲ, ಕಿಟಕಿ ತೆರೆದರೆ ಧೂಳು. ಮಳೆಗಾಲದಲ್ಲಿ ಕೆಸರು ತರಗತಿಯ ಮೆಟ್ಟಿಲವರೆಗೆ ಬಂತು. ಬಾವಿಯ ನೀರು ಕೆಂಪಾಯಿತು.

ಇದನ್ನು ಮಾಡಿಸುತ್ತಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೇ. ಮಣ್ಣು, ಮರಳು, ಕಲ್ಲು ಮೂರೂ ಅವರ ವ್ಯಾಪಾರ. ಅವರ ಮನೆಗೇ ಹೋಗಿ ಕೇಳಿದೆ. ಕುಡಿಯಲು ಪಾನಕ ಕೊಟ್ಟು, ನಗುತ್ತಾ ಹೇಳಿದರು: "ಟೀಚರ್, ನೀವು ಪೆರುವಿನ ಗುಡ್ಡ ನೋಡಿಕೊಳ್ಳಿ. ಇಲ್ಲಿಯ ಗುಡ್ಡ ನಾವು ನೋಡಿಕೊಳ್ತೇವೆ."

ಇಲಾಖೆಯವರಿಗೆ ದೂರು ಕೊಟ್ಟೆ. ಬಂದರು, ನೋಡಿದರು, ಪಾನಕ ಕುಡಿದು ಹೋದರು. ಗುಡ್ಡ ಈಗ ಇಲ್ಲ. ಅಲ್ಲಿ ಒಂದು ಹೊಂಡ ಉಂಟು, ಮಕ್ಕಳು ಬೀಳದ ಹಾಗೆ ನಾವು ಹಗ್ಗ ಕಟ್ಟಿದ್ದೇವೆ.

ಗುಡ್ಡ ಇನ್ನೂ ಅರ್ಧ ನಿಂತಿದ್ದ ಆ ವರ್ಷವೇ ಶಾಲೆಯಲ್ಲಿ ವಸ್ತು ಪ್ರದರ್ಶನ ನಡೆಯಿತು. ನನ್ನ ಏಳನೆಯ ತರಗತಿಯವರು ಎರಡು ಬೆಂಚು ಜೋಡಿಸಿ ಪೆರು ದೇಶ ಮಾಡಿದರು. ಕರಾವಳಿಗೆ ಕಾಪುವಿನ ಮರಳು, ಬೆಟ್ಟಕ್ಕೆ ಆವೆ ಮಣ್ಣು, ಹಿಮಕ್ಕೆ ಹತ್ತಿ, ಕಾಡಿಗೆ ಪಾಚಿ. ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ, ಅದರ ಮೇಲೆ ಬಿಳಿ ಪುಡಿಯ ಗುಪ್ಪೆ. 'ಪೆರುವಿನ ಬಿಳಿ ಚಿನ್ನ' ಎಂದು ಚೀಟಿ. ಅದು ಗ್ವಾನೋ. ಮಳೆಯೇ ಬಾರದ ಆ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಹಿಕ್ಕೆ ತಲೆತಲಾಂತರದಿಂದ ಬಿದ್ದು, ಒಣಗಿ, ಗುಡ್ಡವಾಗಿತ್ತು. ಗೊಬ್ಬರಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದು ಒಂದು ಕಾಲದಲ್ಲಿ ಹಡಗು ಹಡಗು ತುಂಬಿಸಿಕೊಂಡು ಹೋಗಿ, ಗುಡ್ಡಗಳನ್ನೇ ಬೋಳಿಸಿ ಮುಗಿಸಿದರು.

ಪಾಠ ಚಂದ ಆಗಬೇಕೆಂದು ಮಕ್ಕಳು ಮೈದಾ ಹಾಕಿರಲಿಲ್ಲ. ಕಾಪುವಿನ ಕಡಲ ಬಂಡೆಗಳಿಂದ ನಿಜವಾದದ್ದನ್ನೇ ಕೆರೆದು, ಒಣಗಿಸಿ, ಪುಡಿ ಮಾಡಿ ತಂದಿದ್ದರು.

ಉದ್ಘಾಟನೆಗೆ ಅಧ್ಯಕ್ಷರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಿಂದೆ ಫೋಟೋ ತೆಗೆಯುವವರು. ದೀಪ ಬೆಳಗಿಸಿ, "ಪ್ರಕೃತಿ ನಮ್ಮ ತಾಯಿ. ತಾಯಿಯ ಒಡಲನ್ನು ಬಗೆಯಬಾರದು" ಎಂದು ಭಾಷಣ ಮಾಡಿದರು. ಹಿಂದುಗಡೆ ಅವರದ್ದೇ ಜೆಸಿಬಿ ಗುರ್ ಎನ್ನುತ್ತಿದ್ದುದರಿಂದ ಆ ಮಾತು ಎರಡನೆಯ ಸಾಲಿನವರಿಗೆ ಕೇಳಲಿಲ್ಲ. ನಾನು ಮೊದಲನೆಯ ಸಾಲಿನಲ್ಲಿದ್ದೆ. ಹಲ್ಲು ಕಚ್ಚಿದ ನೋವು ಸಂಜೆಯವರೆಗೂ ಇತ್ತು.

ನಂತರ ಒಂದೊಂದೇ ಮಾದರಿ ನೋಡುತ್ತಾ ನಮ್ಮ ಪೆರುವಿನ ಹತ್ತಿರ ಬಂದರು. ವಿವರಣೆ ಹೇಳಲು ನಿಂತಿದ್ದ ಹುಡುಗಿ ಕೈ ಕಟ್ಟಿಕೊಂಡು, ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದಳು.

"ಮಾನ್ಯರೇ, ಇದು ಪೆರು ದೇಶ. ಇದು ಹಿಂದಿನ ಕಾಲದಲ್ಲಿ ಈ ದೇಶದ ಅತ್ಯಂತ ಬೆಲೆಬಾಳುವ ಸಂಪತ್ತು..."

'ಬೆಲೆಬಾಳುವ' ಎಂಬ ಶಬ್ದಕ್ಕೆ ಅಧ್ಯಕ್ಷರು ನಿಂತರು. ಬಗ್ಗಿದರು. ಬಿಳಿ ಪುಡಿಯನ್ನು ಎರಡು ಬೆರಳಲ್ಲಿ ತೆಗೆದು ಉಜ್ಜಿದರು. ಮರಳಿನ ವ್ಯಾಪಾರದವರಿಗೆ ಒಂದು ಅಭ್ಯಾಸ ಉಂಟು. ಮರಳು ಹೊಳೆಯದ್ದೋ ಕಡಲಿನದ್ದೋ ಎಂದು ತಿಳಿಯಲು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಅಧ್ಯಕ್ಷರ ಬೆರಳು ಬಾಯಿಯ ಕಡೆಗೆ ಹೊರಟಿತು.

ನಾನು ತಡೆಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದುಗಡೆ ಒಂದು ಟಿಪ್ಪರು ಗುಡ್ಡದ ಮಣ್ಣನ್ನು ತುಂಬಿಸಿಕೊಂಡು ಕಿಟಕಿಯ ಪಕ್ಕದಲ್ಲೇ ಹೋಯಿತು. ನಾನು ಬಾಯಿ ಮುಚ್ಚಿದೆ.

ಅಧ್ಯಕ್ಷರು ಚಪ್ಪರಿಸಿದರು. ಕಣ್ಣು ಮುಚ್ಚಿ ಯೋಚಿಸಿದರು. ಇನ್ನೊಂದು ಚಿಟಿಕೆ ತೆಗೆದುಕೊಂಡರು.

"ಉಪ್ಪಿನಂಶ ಉಂಟು" ಎಂದು ಘೋಷಿಸಿದರು. "ಆದರೆ ನಯ ಉಂಟು. ಒಳ್ಳೆಯ ಮಾಲು. ಇದು ಎಂತದು ಮಗಾ?"

ಹುಡುಗಿ ಕೈ ಕಟ್ಟಿಕೊಂಡೇ, ಕಲಿಸಿದ ಹಾಗೆ, ಇಡೀ ಹಾಲಿಗೆ ಕೇಳುವ ಸ್ವರದಲ್ಲಿ ಮುಂದುವರಿಸಿದಳು:

"ಇದು ಕಡಲ ಹಕ್ಕಿಗಳ ಹಿಕ್ಕೆ, ಮಾನ್ಯರೇ."

 ಫೋಟೋದವನು ಕ್ಲಿಕ್ ಕ್ಲಿಕ್ ಎನಿಸುತ್ತಲೇ ಇದ್ದ. ಅಧ್ಯಕ್ಷರ ಮುಖದಲ್ಲಿ ಪೆರು ದೇಶದ ಮೂರೂ ಪ್ರದೇಶಗಳು ಒಂದೊಂದಾಗಿ ಕಾಣಿಸಿಕೊಂಡವು: ಮೊದಲು ಮರಳಿನ ಹಾಗೆ ಒಣಗಿತು, ಮತ್ತೆ ಹಿಮದ ಹಾಗೆ ಬಿಳಿಯಾಯಿತು, ಕೊನೆಗೆ ಕಾಡಿನ ಹಾಗೆ ಹಸಿರು. ಪಂಚೆ ಎತ್ತಿಕೊಂಡು ನಲ್ಲಿಯ ಕಡೆಗೆ ಓಡಿದರು.

ನಾಡಿನ ಸಂಪತ್ತನ್ನು ನುಂಗಿದವರ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತದೆ. ನುಂಗಿದ್ದನ್ನು ಹೊರಗೆ ಉಗುಳಿದವರನ್ನು ನಾನು ಕಣ್ಣಾರೆ ನೋಡಿದ್ದು ಮಾತ್ರ ಅದೊಂದೇ ಸಲ.